ಗೇಟಿನಲ್ಲಿ ಹೇಳಿದ ಮಾತು ಮಧ್ಯಾಹ್ನದ ಬಟ್ಟಲಿಗೆ ತಲುಪುವ ತನಕ

ಬೆಳಿಗ್ಗೆ ಎಂಟೂಕಾಲಿನಿಂದ ಒಂಬತ್ತರೊಳಗೆ ಮಕ್ಕಳು ಡೇಕೇರಿನ ಗೇಟಿನಲ್ಲಿ ಕೈಯಿಂದ ಕೈಗೆ ದಾಟುತ್ತಾರೆ. ಹೊರಗೆ ಸ್ಕೂಟರ್ ಇನ್ನೂ ಆಫ್ ಆಗಿರುವುದಿಲ್ಲ, ಅಮ್ಮನಿಗೆ ಡ್ಯೂಟಿಗೆ ಹೊತ್ತಾಗಿರುತ್ತದೆ. "ಟೀಚರ್, ಇವನಿಗೆ ರಾತ್ರಿ ಸ್ವಲ್ಪ ಬಿಸಿ ಇತ್ತು, ಮದ್ದು ಬ್ಯಾಗಲ್ಲಿ ಉಂಟು, ಊಟ ಆದ ಮೇಲೆ ಕೊಡಿ ಆಯ್ತಾ?" ಟೀಚರ್ "ಆಯ್ತು" ಅನ್ನುತ್ತಾರೆ. ಡೇಕೇರ್ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ ಮಾತು ಈ "ಆಯ್ತು". ಅದನ್ನು ಕೇಳಿಸಿಕೊಂಡವರು ಬೆಳಗಿನ ಟೀಚರ್, ಹನ್ನೆರಡೂವರೆಗೆ ಊಟ ಮಾಡಿಸುವವರು ಬೇರೆ ಆಯಾ. ಎಷ್ಟು ಮಿಲಿ, ಕೊನೆಯ ಸಲ ಎಷ್ಟು ಗಂಟೆಗೆ ಕೊಟ್ಟದ್ದು, ಜ್ವರ ಇಲ್ಲದಿದ್ದರೂ ಕೊಡಬೇಕೋ ಬೇಡವೋ, ಇದ್ಯಾವುದೂ ಆ ಮಾತಿನೊಳಗೆ ಇಲ್ಲ.

ಆದ್ದರಿಂದ ಗೇಟಿನಲ್ಲಿ ಯಾವ ಕೋರಿಕೆಗೂ ಒಪ್ಪಿಗೆ ಕೊಡುವುದಿಲ್ಲ. "ಚೀಟಿಯಲ್ಲಿ ಬರೆಯುವ, ಎರಡು ನಿಮಿಷ ಒಳಗೆ ಬನ್ನಿ" ಎಂದೇ ಹೇಳುತ್ತೇವೆ. ಚೀಟಿಯಲ್ಲಿ ಐದು ಸಾಲು: ಏನು ಮಾಡಬೇಕು, ಯಾವಾಗ, ಎಷ್ಟು, ಯಾರು ಮಾಡುತ್ತಾರೆ, ಯಾವ ತಾರೀಕಿನವರೆಗೆ. ಐದೂ ತುಂಬಿದ ಮೇಲೆ ಹೆತ್ತವರ ಸಹಿ, ನಮ್ಮ ಸಹಿ. ಆಮೇಲೆ ಅದು ಅಡುಗೆಮನೆಗೆ, ಮಲಗುವ ಕೋಣೆಗೆ ಅಥವಾ ಮದ್ದಿನ ಪೆಟ್ಟಿಗೆಯ ಬಾಗಿಲಿಗೆ ಹೋಗುತ್ತದೆ. ಆಫೀಸಿನ ಫೈಲಿನೊಳಗೆ ಮಲಗಿರುವ ಚೀಟಿಯಿಂದ ಪ್ರಯೋಜನ ಇಲ್ಲ. ಕೆಲಸ ನಡೆಯುವ ಜಾಗದಲ್ಲಿ ಅದು ಕಣ್ಣಿಗೆ ಬೀಳಬೇಕು.

ಬರೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: "ಇದು ಒಂದು ದಿನ ತಪ್ಪಿದರೆ ಮಗುವಿಗೆ ಏನಾಗುತ್ತದೆ?" ಉತ್ತರ "ಅಳ್ತಾನೆ" ಅಂತಾದರೆ ಅದು ಬಿಳಿ ಕಾರ್ಡಿಗೆ. "ಉಸಿರು ಕಟ್ಟುತ್ತದೆ", "ಫಿಟ್ಸ್ ಬರುತ್ತದೆ", "ಆಸ್ಪತ್ರೆಗೆ ಹೋಗಬೇಕಾಗುತ್ತದೆ" ಅಂತಾದರೆ ಕೆಂಪು ಕಾರ್ಡಿಗೆ, ಅದರೊಂದಿಗೆ ಡಾಕ್ಟರ ಚೀಟಿ ಕಡ್ಡಾಯ. ಈ ವಿಂಗಡಣೆಯಲ್ಲಿ ಸಡಿಲ ಬಿಟ್ಟರೆ ಎಲ್ಲವೂ ಕೆಡುತ್ತದೆ. ಬಾಳೆಹಣ್ಣು ತಿಂದರೆ ಶೀತ ಆಗುತ್ತದೆ ಎನ್ನುವುದನ್ನೂ "ಅಲರ್ಜಿ" ಎಂದೇ ಹೇಳುವ ರೂಢಿ ನಮ್ಮಲ್ಲಿ ಉಂಟು. ಅದೂ ಕೆಂಪು ಕಾರ್ಡಿಗೆ ಹೋದರೆ ಗೋಡೆಯಲ್ಲಿ ಹನ್ನೊಂದು ಕೆಂಪು ಕಾರ್ಡು ನೇತಾಡುತ್ತವೆ, ನಿಜವಾಗಿ ಜೀವಕ್ಕೆ ಅಪಾಯ ಇರುವ ಒಂದೇ ಒಂದು ಕಾರ್ಡಿನ ಮೇಲೆ ಆಯಾಳ ಕಣ್ಣು ನಿಲ್ಲುವುದಿಲ್ಲ. ಬಾಳೆಹಣ್ಣು ಬೇಡ ಅಂದರೆ ಕೊಡುವುದಿಲ್ಲ, ಅದರಲ್ಲಿ ವಾದ ಇಲ್ಲ. ಆದರೆ ಅದರ ಜಾಗ ಬಿಳಿ ಕಾರ್ಡು.

ಕೆಂಪು ಕಾರ್ಡಿಗೆ ಗೇರುಬೀಜದ ಅಲರ್ಜಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುವ, ನಮ್ಮ ಮಂಗಳೂರಿನಲ್ಲಿ ಅದು ಎಲ್ಲಿಲ್ಲ ಎಂದು ಹೇಳುವುದೇ ಕಷ್ಟ. ಮೊದಲು ಹೆತ್ತವರಿಂದ ವಿವರ ಪಡೆಯುತ್ತೇವೆ: ಎಷ್ಟು ತಿಂದಿತ್ತು, ತಿಂದು ಎಷ್ಟು ನಿಮಿಷಕ್ಕೆ, ಏನೇನು ಆಯಿತು, ಏನು ಮಾಡಿದಿರಿ. ನಿಜವಾದ ಅಲರ್ಜಿ ಸಾಮಾನ್ಯವಾಗಿ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಮೈಮೇಲೆ ಪಿತ್ತಗಂಧೆ ಏಳುವುದು, ತುಟಿ-ಕಣ್ಣು ಊದುವುದು, ವಾಂತಿ, ಕೆಮ್ಮು, ಸ್ವರ ಒಡೆಯುವುದು. ಎರಡು ದಿನ ಬಿಟ್ಟು ಕಫ ಆದದ್ದು ಬೇರೆ ಕಥೆ. ಗೇರುಬೀಜ ಆಗದ ಮಕ್ಕಳಲ್ಲಿ ಹೆಚ್ಚಿನವರಿಗೆ ಪಿಸ್ತಾ ಕೂಡ ಆಗುವುದಿಲ್ಲ, ಆದ್ದರಿಂದ ಅದನ್ನೂ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಂಡು ಬರಲು ಹೇಳುತ್ತೇವೆ.

ಕಾರ್ಡಿನಲ್ಲಿ ಹೆಸರು ಬರೆಯುವಾಗ ಒಂದು ಎಡವಟ್ಟು ಸುಲಭವಾಗಿ ಆಗುತ್ತದೆ. ತಾಯಿ "ಕಾಜು" ಅಂದರು, ಟೀಚರ್ "ಗೋಡಂಬಿ" ಎಂದು ಬರೆದರು, ಅಡುಗೆಯವರಿಗೆ ಗೊತ್ತಿರುವುದು "ಗೇರುಬೀಜ", ಕೊಂಕಣಿ ಮನೆಯಿಂದ ಬಂದ ಡಬ್ಬಿಯಲ್ಲಿ ಇರುವುದು "ಬಿಬ್ಬೆ" ಉಪ್ಕರಿ. ವಸ್ತು ಒಂದೇ, ಹೆಸರು ನಾಲ್ಕು. ಕಾರ್ಡಿನಲ್ಲಿ ನಾಲ್ಕೂ ಇರಬೇಕು, ಕೆಳಗೆ ಅದು ಅಡಗಿ ಕೂರುವ ತಿಂಡಿಗಳ ಹೆಸರೂ: ಪಾಯಸ, ಶೀರಾ, ಉಪ್ಪಿಟ್ಟಿನ ಒಗ್ಗರಣೆ, ಬರ್ಫಿ, ಐಸ್‌ಕ್ರೀಮ್, ಹೋಟೆಲಿನ ಬಿಳಿ ಗ್ರೇವಿ. ಮೇಲೆ ಕಾಣುವ ಗೇರುಬೀಜವನ್ನು ಹೆಕ್ಕಿ ತೆಗೆದು ಕೊಟ್ಟರೆ ಸಾಕು ಎನ್ನುವುದು ತಪ್ಪು, ತುಪ್ಪದಲ್ಲಿ ಹುರಿದಾಗಲೇ ಅದು ಇಡೀ ಪಾತ್ರೆಗೆ ಸೇರಿರುತ್ತದೆ.

ಅಡುಗೆಮನೆಯಲ್ಲಿ ಆ ಮಗುವಿನ ಊಟವನ್ನು ಮೊದಲು ಮಾಡಿ, ಬೇರೆ ಸೌಟಿನಲ್ಲಿ ಬಡಿಸಿ, ಮುಚ್ಚಿ ಇಡುತ್ತೇವೆ. ಉಳಿದ ಮಕ್ಕಳ ಕೈಯನ್ನು ಊಟದ ನಂತರ ಸೋಪು ಹಾಕಿಯೇ ತೊಳೆಸುತ್ತೇವೆ. ಸ್ಯಾನಿಟೈಸರ್ ಉಜ್ಜಿದರೆ ಅಲರ್ಜಿಯ ಅಂಶ ಹೋಗುವುದಿಲ್ಲ. ಹುಟ್ಟುಹಬ್ಬದ ಕೇಕು ಮತ್ತು ಸಿಹಿ ನಮ್ಮಲ್ಲಿ ಒಡೆಯುವಂತಿಲ್ಲ, ಪ್ಯಾಕೆಟ್ಟಾಗಿಯೇ ಮನೆಗೆ ಹೋಗುತ್ತದೆ. ಆ ಮಗುವಿನ ಹೆಸರಿನಲ್ಲಿ ಒಂದು ಡಬ್ಬಿ ಸದಾ ಇರುತ್ತದೆ, ಅದರಲ್ಲಿ ಅದರ ಅಮ್ಮನೇ ತಂದಿಟ್ಟ ತಿಂಡಿ. ಎಲ್ಲರಿಗೂ ಏನಾದರೂ ಸಿಕ್ಕಿದಾಗ ಅದೊಂದು ಮಗುವಿನ ಕೈ ಖಾಲಿ ಇರಬಾರದು. ಮೂರು ವರ್ಷದ ಮಗುವಿಗೆ ಅಲರ್ಜಿ ಎಂದರೆ ಏನೆಂದು ಅರ್ಥವಾಗುವುದಿಲ್ಲ, ತನಗೆ ಮಾತ್ರ ಕೊಡಲಿಲ್ಲ ಎನ್ನುವುದು ಚೆನ್ನಾಗಿ ಅರ್ಥವಾಗುತ್ತದೆ.

ಕಾರ್ಡಿನ ಹಿಂಬದಿಯಲ್ಲಿ ಆಪತ್ತಿನ ಕ್ರಮ. ಬರೀ ಗಂಧೆ ಎದ್ದರೆ ಡಾಕ್ಟರ್ ಬರೆದ ಸಿರಪ್, ಮನೆಗೆ ಫೋನ್, ಮಗುವಿನ ಹತ್ತಿರ ಒಬ್ಬರು ಕುಳಿತೇ ಇರುವುದು. ಉಸಿರಾಟದಲ್ಲಿ ಶಬ್ದ, ಸ್ವರ ಬದಲಾಗುವುದು, ಮಗು ಸುಸ್ತಾಗಿ ಕೈಕಾಲು ಬಿಡುವುದು ಅಥವಾ ಗಂಧೆಯ ಜೊತೆ ಪದೇ ಪದೇ ವಾಂತಿ ಕಂಡರೆ ಸಿರಪ್ಪಿಗೆ ಕಾಯುವುದಿಲ್ಲ. ಆಗ ಬೇಕಾದದ್ದು ತೊಡೆಗೆ ಆಡ್ರಿನಲಿನ್ ಚುಚ್ಚುಮದ್ದು. ವಿದೇಶದಲ್ಲಿ ಮನೆಯಲ್ಲೇ ಇಟ್ಟುಕೊಳ್ಳುವ ಆಡ್ರಿನಲಿನ್ ಪೆನ್ ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ 108ಕ್ಕೆ ಕರೆ, ಇಲ್ಲವೇ ಕೈಗೆ ಸಿಕ್ಕಿದ ವಾಹನದಲ್ಲಿ ಹತ್ತಿರದ ತುರ್ತು ವಿಭಾಗ. ಮಗುವನ್ನು ಮಲಗಿಸಿಯೇ ಒಯ್ಯಬೇಕು, ಉಸಿರು ಕಷ್ಟವಾದರೆ ಕುಳ್ಳಿರಿಸಬಹುದು, ನಡೆಸಬಾರದು. ಆಸ್ಪತ್ರೆಯ ಹೆಸರಿನ ಎದುರು ಎರಡು ಸಮಯ ಬರೆದಿರುತ್ತೇವೆ, ಬೆಳಿಗ್ಗೆ ಹನ್ನೊಂದಕ್ಕೆ ಹೊರಟರೆ ಎಷ್ಟು ನಿಮಿಷ, ಸಂಜೆ ಐದೂವರೆಗೆ ಹೊರಟರೆ ಎಷ್ಟು ನಿಮಿಷ. ಪಂಪ್‌ವೆಲ್ ವೃತ್ತದ ವಾಹನ ದಟ್ಟಣೆ ದಾಟಬೇಕಾದ ಆಸ್ಪತ್ರೆ ಸಂಜೆಗೆ ಹತ್ತಿರದ್ದಲ್ಲ.

ಇನ್ನು ಮದ್ದು. ಅತಿ ಹೆಚ್ಚು ಬರುವ ಕೋರಿಕೆ ಇದು, ಅತಿ ಹೆಚ್ಚು ತಪ್ಪಾಗುವ ಜಾಗವೂ ಇದೇ. ಪ್ಯಾರಾಸಿಟಮಾಲನ್ನೇ ನೋಡಿ. ಒಂದೇ ಕಂಪನಿಯ ಒಂದೇ ಬಣ್ಣದ ಬಾಟಲಿಯಲ್ಲಿ 5 ಮಿಲಿಗೆ 120 ಮಿಲಿಗ್ರಾಂನದ್ದೂ ಬರುತ್ತದೆ, 5 ಮಿಲಿಗೆ 250 ಮಿಲಿಗ್ರಾಂನದ್ದೂ ಬರುತ್ತದೆ. ಎಳೆಮಕ್ಕಳ ಡ್ರಾಪ್ಸ್ ಬಾಟಲಿ ಚಿಕ್ಕದು, ಆದರೆ ಒಳಗಿನದ್ದು ಗಟ್ಟಿ, 1 ಮಿಲಿಗೇ 100 ಮಿಲಿಗ್ರಾಂ. 10 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಡಾಕ್ಟರ್ 150 ಮಿಲಿಗ್ರಾಂ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. 250ರ ಬಾಟಲಿಯಿಂದ ಅದು 3 ಮಿಲಿ, 120ರದ್ದರಿಂದ ಸುಮಾರು 6 ಮಿಲಿ, ಡ್ರಾಪ್ಸಿನಿಂದ ಒಂದೂವರೆ ಮಿಲಿ. "ಆರು ಮಿಲಿ ಕೊಡಿ" ಎಂದಷ್ಟೇ ಚೀಟಿಯಲ್ಲಿದ್ದು, ಮನೆಯಲ್ಲಿ ಹಳೆ ಬಾಟಲಿ ಮುಗಿದು ಅಪ್ಪ 250ರದ್ದನ್ನು ತಂದು ಬ್ಯಾಗಿಗೆ ಹಾಕಿದ್ದರೆ ಮಗುವಿನ ಹೊಟ್ಟೆಗೆ ಎರಡು ಪಟ್ಟು ಹೋಗುತ್ತದೆ. ಡ್ರಾಪ್ಸ್ ಆದರೆ ನಾಲ್ಕು ಪಟ್ಟು. ಯಾರೂ ಸುಳ್ಳು ಹೇಳಿಲ್ಲ, ಯಾರೂ ಉದಾಸೀನ ಮಾಡಿಲ್ಲ, ಬಾಟಲಿ ಮಾತ್ರ ಬದಲಾಗಿದೆ.

ಹಾಗಾಗಿ ಮಿಲಿಯ ಜೊತೆ ಬಾಟಲಿಯ ಮೇಲಿನ ಸಂಖ್ಯೆಯನ್ನೂ ಬರೆಯುತ್ತೇವೆ. ಮದ್ದು ಅದರ ಮೂಲ ಬಾಟಲಿಯಲ್ಲೇ ಬರಬೇಕು, ಸಣ್ಣ ಡಬ್ಬಿಗೆ ಸುರಿದು ತಂದದ್ದನ್ನು ವಾಪಸ್ ಕೊಡುತ್ತೇವೆ. ಅಳತೆ ಸಿರಿಂಜಿನಲ್ಲಿ, ಮನೆಯ ಚಮಚದಲ್ಲಿ ಅಲ್ಲ. ಕೊಡುವಾಗ ಇಬ್ಬರು ಇರುತ್ತಾರೆ: ಒಬ್ಬರು ಚೀಟಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಎಳೆದು ತೋರಿಸುತ್ತಾರೆ. ಕೊಟ್ಟ ತಕ್ಷಣ, ಮಗುವಿನ ಬಾಯಿ ಒರೆಸುವ ಮೊದಲೇ, ಪುಸ್ತಕದಲ್ಲಿ ಸಮಯ ಬೀಳಬೇಕು. ನಾಲ್ಕರಿಂದ ಆರು ಗಂಟೆಯ ಅಂತರ ಬೇಕಾದ ಮದ್ದಿನಲ್ಲಿ ಮನೆಯಲ್ಲಿ ಬೆಳಿಗ್ಗೆ ಕೊಟ್ಟ ಹೊತ್ತು ಗೊತ್ತಿಲ್ಲದಿದ್ದರೆ ಫೋನ್ ಮಾಡಿ ಕೇಳುವವರೆಗೆ ಕೊಡುವುದಿಲ್ಲ. ಶೀತದ ಸಿರಪ್ ಬೇರೆ ಇದ್ದರೆ ಅದರೊಳಗೂ ಪ್ಯಾರಾಸಿಟಮಾಲ್ ಇದೆಯೇ ಎಂದು ಲೇಬಲ್ ಓದುತ್ತೇವೆ, ಬಹಳ ಸಲ ಇರುತ್ತದೆ. ಮಗು ಕಕ್ಕಿದರೆ ಮತ್ತೊಮ್ಮೆ ಕೊಡುವ ನಿರ್ಧಾರ ನಮ್ಮದಲ್ಲ. ಯಾವುದೇ ಹೊಸ ಮದ್ದಿನ ಮೊದಲ ಡೋಸು ಮನೆಯಲ್ಲೇ ಆಗಿರಬೇಕು.

"ಬೇಕಿದ್ದರೆ ಕೊಡಿ" ಎಂಬ ಸಾಲನ್ನು ಒಪ್ಪುವುದಿಲ್ಲ. ಬೇಕು ಎಂದರೆ ಎಷ್ಟು? ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಎಂದು ಸಂಖ್ಯೆಯಲ್ಲಿ ಬರೆಯಿರಿ ಎನ್ನುತ್ತೇವೆ. ಅಷ್ಟು ಜ್ವರ ಇದ್ದರೆ ಮದ್ದು ಕೊಟ್ಟ ಮೇಲೂ ಮಗುವನ್ನು ಕರೆದುಕೊಂಡು ಹೋಗಬೇಕು ಎನ್ನುವುದೂ ಅದೇ ಚೀಟಿಯಲ್ಲಿ ಇರುತ್ತದೆ. ಜಗಳ ಹೆಚ್ಚಾಗಿ ಇದೇ ಸಾಲಿನ ಮೇಲೆ. ನರ್ಸ್ ಆಗಿರುವ ತಾಯಿಗೆ ವಾರ್ಡು ಬಿಟ್ಟು ಬರಲಾಗುವುದಿಲ್ಲ, ಅದು ನಮಗೆ ಗೊತ್ತು. ಅದಕ್ಕಾಗಿ ಸೇರಿಸಿಕೊಳ್ಳುವಾಗಲೇ ಎರಡನೇ ಮತ್ತು ಮೂರನೇ ಹೆಸರು ಕೇಳುತ್ತೇವೆ, ಒಂದು ಗಂಟೆಯೊಳಗೆ ಬರಬಲ್ಲ ಅಜ್ಜಿ, ಚಿಕ್ಕಮ್ಮ ಅಥವಾ ನೆರೆಮನೆಯವರು. ಆ್ಯಂಟಿಬಯೋಟಿಕ್ ವಿಷಯದಲ್ಲಿ ಒಂದು ಉಪಾಯ ಉಂಟು: ದಿನಕ್ಕೆ ಎರಡು ಸಲ ಕೊಡುವಂಥದ್ದನ್ನು ಬರೆಯಲಾಗುತ್ತದೆಯೇ ಎಂದು ಡಾಕ್ಟರನ್ನೇ ಕೇಳಲು ಹೇಳುತ್ತೇವೆ. ಹಾಗಾದರೆ ಬೆಳಿಗ್ಗೆ-ರಾತ್ರಿ ಮನೆಯಲ್ಲೇ ಮುಗಿಯುತ್ತದೆ, ನಮ್ಮ ಕೈಯಲ್ಲಿ ತಪ್ಪುವ ಪ್ರಶ್ನೆಯೇ ಇಲ್ಲ.

ಜ್ವರಕ್ಕೆ ಫಿಟ್ಸ್ ಬರುವ ಮಕ್ಕಳ ಕಾರ್ಡು ಬೇರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಲ್ಲಿ ಇದು ಬರುತ್ತದೆ. ಬಂದಾಗ ಮಗುವನ್ನು ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡುವುದೇ ಮೊದಲ ಕೆಲಸ. ಕೈಗೆ ಕಬ್ಬಿಣದ ಕೀಲಿಕೈ ಇಡುವುದು, ಹಲ್ಲಿನ ನಡುವೆ ಚಮಚ ತುರುಕುವುದು, ನೀರು ಕುಡಿಸುವುದು ಬೇಡ. ಚಮಚದಿಂದ ಹಲ್ಲು ಮುರಿಯುತ್ತದೆ, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಐದು ನಿಮಿಷ ದಾಟಿದರೆ ಡಾಕ್ಟರ್ ಬರೆದುಕೊಟ್ಟಿದ್ದ ಮೂಗಿನ ಸ್ಪ್ರೇ, ಜೊತೆಗೇ 108. ಸ್ಪ್ರೇಯ ಅವಧಿ ಮುಗಿಯುವ ತಿಂಗಳನ್ನು ಕಾರ್ಡಿನ ಮೇಲ್ಗಡೆ ದೊಡ್ಡದಾಗಿ ಬರೆದಿಡುತ್ತೇವೆ.

ಎದೆಹಾಲಿನ ಕೋರಿಕೆಗೆ ಬರುವ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿ ಬರಬಹುದು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತ್ತು, ಈಗ ಅದರ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಹಾಗೆ ಬರಲಾಗುವವರಿಗೆ ಒಂದು ಕುರ್ಚಿ, ಪರದೆ, ಕುಡಿಯಲು ನೀರು ಇಟ್ಟಿದ್ದೇವೆ. ಬರಲಾಗದವರು ಹಾಲು ಹಿಂಡಿ ಕಳುಹಿಸುತ್ತಾರೆ. 25 ಡಿಗ್ರಿಯ ಒಳಗಿನ ಕೋಣೆಯಲ್ಲಿ ಅದು 4 ಗಂಟೆ ಇರುತ್ತದೆ ಎನ್ನುವ ಲೆಕ್ಕ ಮಂಗಳೂರಿನ ಏಪ್ರಿಲಿಗೆ ನಡೆಯುವುದಿಲ್ಲ. ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ತಂದು, ಗೇಟಿನಿಂದ ನೇರ ಫ್ರಿಜ್ಜಿನ ಒಳಗೋಡೆಯ ಬದಿಗೆ ಹೋಗಬೇಕು. ಬಾಗಿಲಿನ ಗೂಡು ಪದೇ ಪದೇ ಬಿಸಿಯಾಗುತ್ತದೆ, ಅಲ್ಲಿ ಇಡುವುದಿಲ್ಲ. ಫ್ರಿಜ್ಜಿನಲ್ಲಿ 4 ದಿನ ಇಡಬಹುದು, ಆದರೂ ನಾವು ಅಂದಿನದ್ದನ್ನು ಅಂದೇ ಮುಗಿಸುತ್ತೇವೆ. ಒಂದು ಬಾಟಲಿಯಲ್ಲಿ 60ರಿಂದ 90 ಮಿಲಿ ಸಾಕು. 180 ಮಿಲಿ ತುಂಬಿಸಿ ತಂದರೆ ಮಗು ಅರ್ಧ ಕುಡಿದು ಬಿಟ್ಟದ್ದು ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಲೇಬೇಕು.

ಲೇಬಲ್ಲಿನ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಬಾಲ್ ಪೆನ್ನಿನಲ್ಲಿ ಬರೆದ ಕಾಗದ ಅಂಟಿಸಿದರೆ, ಫ್ರಿಜ್ಜಿನಿಂದ ತೆಗೆದ ಎರಡೇ ನಿಮಿಷಕ್ಕೆ ನಮ್ಮ ಹವೆಗೆ ಬಾಟಲಿ ಬೆವರುತ್ತದೆ, ಕಾಗದ ಜಾರುತ್ತದೆ. ಮಾರ್ಕರಿನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪು ಸುತ್ತಬೇಕು. ಹೆಸರಿನ ಜೊತೆ ಪ್ರತಿ ಮಗುವಿಗೂ ಒಂದು ಬಣ್ಣದ ರಬ್ಬರ್ ಬ್ಯಾಂಡ್. ಒಂದೇ ಹೆಸರಿನ ಇಬ್ಬರು ಮಕ್ಕಳು ಒಂದೇ ವರ್ಷ ಬರುವುದು ಅಪರೂಪ ಅಲ್ಲ. ಒಬ್ಬರ ಹಾಲು ಇನ್ನೊಬ್ಬರಿಗೆ ಹೋದರೆ ಅದನ್ನು ಮುಚ್ಚಿಡುವ ಹಾಗಿಲ್ಲ. ಎದೆಹಾಲಿನ ಮೂಲಕ ಸೋಂಕು ದಾಟುವ ಸಾಧ್ಯತೆ ಇರುವುದರಿಂದ ಇಬ್ಬರು ತಾಯಂದಿರಿಗೂ ತಿಳಿಸಿ, ಮಕ್ಕಳ ಡಾಕ್ಟರ ಸಲಹೆ ಪಡೆಯಬೇಕು.

ಹೊಸ ಆಯಾ ಬಂದಾಗ ಒಂದು ವಿಷಯ ಬಾಟಲಿ ಹಿಡಿದು ತೋರಿಸುತ್ತೇವೆ. ಫ್ರಿಜ್ಜಿನಲ್ಲಿಟ್ಟ ಎದೆಹಾಲು ಎರಡು ಪದರವಾಗುತ್ತದೆ, ಮೇಲೆ ಹಳದಿ ಕೆನೆ, ಕೆಳಗೆ ನೀಲಿ ಛಾಯೆಯ ತೆಳು ನೀರು. ದನದ ಹಾಲು ಮಾತ್ರ ನೋಡಿದವರಿಗೆ ಅದು ಒಡೆದ ಹಾಲಿನ ಹಾಗೆ ಕಾಣುತ್ತದೆ, ಚೆಲ್ಲಿಬಿಡುತ್ತಾರೆ. ಬಿಸಿನೀರಿನ ಬಟ್ಟಲಿನಲ್ಲಿ ಬಾಟಲಿ ನಿಲ್ಲಿಸಿ, ಮೆಲ್ಲನೆ ಸುತ್ತಿಸಿದರೆ ಎರಡೂ ಕೂಡಿಕೊಳ್ಳುತ್ತದೆ. ಮೈಕ್ರೋವೇವಿನಲ್ಲಿ ಇಡಬಾರದು, ಹೊರಗೆ ಉಗುರುಬೆಚ್ಚಗೆ ಇದ್ದರೂ ನಡುವೆ ಸುಡುವಷ್ಟು ಬಿಸಿ ಇರುತ್ತದೆ. ಆಫೀಸಿನ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತು ಒಬ್ಬ ತಾಯಿ ಹಿಂಡಿ ತಂದ 70 ಮಿಲಿ ಅದು. ತಿಳಿಯದೆ ಚೆಲ್ಲುವುದು ಸಣ್ಣ ತಪ್ಪಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಸಣ್ಣ ಇನ್ವರ್ಟರಿಗೆ ಫ್ರಿಜ್ಜು ಎಳೆಯುವ ಶಕ್ತಿ ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಫ್ರೀಜರಿನಲ್ಲಿ ನಾಲ್ಕು ಐಸ್ ಪ್ಯಾಕು, ಪಕ್ಕದಲ್ಲಿ ಒಂದು ಥರ್ಮೋಕೋಲ್ ಪೆಟ್ಟಿಗೆ ತಯಾರು ಇರುತ್ತದೆ. ಕರೆಂಟು ಹೋಗಿ ಒಂದು ಗಂಟೆಯಾದರೆ ಹಾಲೆಲ್ಲ ಪೆಟ್ಟಿಗೆಗೆ. ಬಟ್ಟೆ ಲಂಗೋಟಿಯೇ ಕಟ್ಟಿ ಎನ್ನುವವರಿಗೂ ಇದೇ ಋತುವಿನಲ್ಲಿ ಮಾತು ಆಡಬೇಕಾಗುತ್ತದೆ: ದಿನಕ್ಕೆ ಎಂಟು ಒಣಗಿದ ಲಂಗೋಟಿ ಬಂದರೆ ಸರಿ, ಅರೆ ತೇವದ್ದು ಕಟ್ಟಿದರೆ ತೊಡೆಸಂದಿಯಲ್ಲಿ ಹುಣ್ಣಾಗುತ್ತದೆ.

ಮನೆಯ ನಂಬಿಕೆಯಿಂದ ಬರುವ ಕೋರಿಕೆಗಳನ್ನು ಹಗುರವಾಗಿ ತಳ್ಳಬಾರದು. ಸಾಧಾರಣವಾಗಿ ಅದರ ಹಿಂದೆ ಇರುವುದು ಮಗುವನ್ನು ಇಷ್ಟು ದಿನ ಎತ್ತಿ ಆಡಿಸಿದ ಅಜ್ಜಿ. ದೃಷ್ಟಿಬೊಟ್ಟು ಹಣೆಯ ಬದಿಗೆ ಇರಲಿ, ತೊಂದರೆ ಇಲ್ಲ. ಕಣ್ಣಿನೊಳಗೆ ಕಾಡಿಗೆ ಬೇಡ, ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಸೊಂಟದ ದಾರ ಸಡಿಲ ಇದ್ದರೆ ಇರಲಿ. ಕೊರಳಿನ ಕರಿಮಣಿ, ತಾಯಿತ ಕಟ್ಟಿದ ದಾರವನ್ನು ಮಲಗುವ ಮೊದಲು ತೆಗೆದು ಹೆಸರು ಬರೆದ ಲಕೋಟೆಯಲ್ಲಿ ಇಡುತ್ತೇವೆ, ಎದ್ದ ಮೇಲೆ ಹಾಕುತ್ತೇವೆ. ಗೆಜ್ಜೆಯ ಸಣ್ಣ ಗುಂಡು ಕಳಚಿ ಬಾಯಿಗೆ ಹೋಗುತ್ತದೆ, ಅದು ಮನೆಯಲ್ಲೇ ಇರಲಿ. ತಲೆ ದುಂಡಗಾಗಲು ಸಾಸಿವೆ ದಿಂಬು ಇಡಿ ಎನ್ನುವವರಿಗೆ ವರ್ಷದೊಳಗಿನ ಮಗುವಿಗೆ ಯಾವ ದಿಂಬನ್ನೂ ಇಡುವುದಿಲ್ಲ, ಅಂಗಾತ ಮಲಗಿಸುತ್ತೇವೆ ಎಂದು ಹೇಳುತ್ತೇವೆ. ತಲೆಯ ಆಕಾರಕ್ಕೆ ಎಚ್ಚರ ಇದ್ದಾಗ ಕಣ್ಣೆದುರೇ ಬೋರಲು ಆಡಿಸುತ್ತೇವೆ. "ಬೇಡ" ಎನ್ನುವ ಕಡೆಯಲ್ಲೆಲ್ಲ ಬದಲಿಗೆ ಏನು ಮಾಡುತ್ತೇವೆ ಎಂದು ಹೇಳಿದರೆ ಅಜ್ಜಿಯಂದಿರು ಒಪ್ಪುತ್ತಾರೆ.

ಜೇನುತುಪ್ಪದಲ್ಲಿ ಬಜೆ ತೇಯ್ದು ನೆಕ್ಕಿಸುವ ವಿಷಯದಲ್ಲಿ ಮಾತ್ರ ಮಧ್ಯದ ದಾರಿ ಇಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ನಮ್ಮಲ್ಲೂ ಬೇಡ, ಮನೆಯಲ್ಲೂ ಬೇಡ. ಜೇನಿನಲ್ಲಿರಬಹುದಾದ ರೋಗಾಣುವಿನ ಬೀಜಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ, ಕೈಕಾಲು ಸೋಲುತ್ತದೆ. ದೊಡ್ಡವರಿಗೆ ಏನೂ ಆಗದ ಕಾರಣ ಇದನ್ನು ನಂಬಿಸುವುದು ಕಷ್ಟ, ಆದರೂ ಹೇಳಲೇಬೇಕು.

ಕೆಲವು ಕೋರಿಕೆ ಊಟ-ಮದ್ದಿನದ್ದಲ್ಲ, ಇಡೀ ಕಟ್ಟಡದ್ದು. ಜಿ6ಪಿಡಿ ಕೊರತೆ (ಕೆಂಪು ರಕ್ತಕಣವನ್ನು ಕಾಪಾಡುವ ಕಿಣ್ವ ಹುಟ್ಟಿನಿಂದಲೇ ಕಡಿಮೆ) ಇರುವ ಮಗು ಬಂದರೆ ಬಚ್ಚಲಿನ, ಕಪಾಟಿನ ನ್ಯಾಫ್ತಲಿನ್ ಗುಳಿಗೆಗಳನ್ನೆಲ್ಲ ಹೆಕ್ಕಿ ಹೊರಹಾಕಬೇಕು. ಅದರ ವಾಸನೆ ಹಿಡಿದ ಬಟ್ಟೆಯಿಂದಲೂ ಅಂಥ ಮಗುವಿನ ಕೆಂಪು ರಕ್ತಕಣ ಒಡೆಯಬಹುದು. ಮಂಗಳೂರು ಮಲೇರಿಯಾ ಇರುವ ಊರು, ಅದಕ್ಕೆ ಕೊಡುವ ಪ್ರಿಮಾಕ್ವಿನ್ ಗುಳಿಗೆ ಕೂಡ ಈ ಮಕ್ಕಳಿಗೆ ಆಗುವುದಿಲ್ಲ. ಜ್ವರ ಬಂದು ಆಸ್ಪತ್ರೆಗೆ ಹೋಗುವಾಗ ಈ ಕಾರ್ಡು ಮಗುವಿನ ಜೊತೆಗೇ ಹೋಗಬೇಕು.

ಊಟದ ರೂಢಿ ಸುಲಭ. ಕುಚ್ಚಲಕ್ಕಿ ಗಂಜಿಯೇ ಬೇಕೋ, ರಾಗಿ ಮಣ್ಣಿಯಲ್ಲಿ ಬೆಲ್ಲ ಎಷ್ಟು, ನೀರುಳ್ಳಿ-ಬೆಳ್ಳುಳ್ಳಿ ಬೇಡವೋ, ಎಲ್ಲ ಬಿಳಿ ಕಾರ್ಡಿನಲ್ಲಿ ನಡೆಯುತ್ತದೆ. ಮೀನು ಮನೆಯಿಂದ ಬಂದರೆ ಮುಳ್ಳು ತೆಗೆದೇ ಬರಬೇಕು, ಬೂತಾಯಿಯ ಮುಳ್ಳನ್ನು ಹತ್ತು ಮಕ್ಕಳ ನಡುವೆ ಕೂತು ಹೆಕ್ಕಲಾಗುವುದಿಲ್ಲ. ಒಪ್ಪದ್ದು ಒಂದೇ: "ಡಬ್ಬಿ ಖಾಲಿ ಮಾಡಿಸಿಯೇ ಕಳಿಸಿ." ಬಾಯಿ ಮುಚ್ಚಿದ ಮಗುವಿಗೆ ತುರುಕುವುದಿಲ್ಲ, ಎಷ್ಟು ತಿಂದಿತು ಎಂದು ಕಾಲು, ಅರ್ಧ, ಮುಕ್ಕಾಲು ಲೆಕ್ಕದಲ್ಲಿ ಬರೆದು ಕಳಿಸುತ್ತೇವೆ. "ಮಧ್ಯಾಹ್ನ ಮಲಗಿಸಬೇಡಿ, ರಾತ್ರಿ ನಿದ್ದೆ ಮಾಡುದಿಲ್ಲ" ಎನ್ನುವುದೂ ಹೀಗೆಯೇ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಕಣ್ಣು ಮುಚ್ಚುತ್ತಿರುವ ಮಗುವನ್ನು ಎಬ್ಬಿಸಿ ಕೂರಿಸುವುದಿಲ್ಲ, ಬೇಗ ಮಲಗಿಸಿ ಎರಡೂವರೆಗೆ ಕಿಟಕಿ ಪರದೆ ಸರಿಸುತ್ತೇವೆ.

ಭಾಷೆಯ ಪುಟ ಸಣ್ಣದಾದರೂ ಮೊದಲ ವಾರವನ್ನು ಉಳಿಸುವುದು ಅದೇ. ತುಳುವಿನ "ಬಡವಾಪುಂಡು" ಎಂದರೆ ಮಗುವಿಗೆ ಹಸಿವು, "ಬಂಜಿ ಬೇನೆ" ಎಂದರೆ ಹೊಟ್ಟೆನೋವು, ಕೊಂಕಣಿಯ "ಉದಾಕ್" ಎಂದರೆ ನೀರು ಬೇಕು. ಪ್ರತಿ ಮನೆಯ ಹತ್ತು ಶಬ್ದವನ್ನು, ಮಗು ಹೇಳುವ ತೊದಲಿನಲ್ಲೇ, ಬರೆಸಿಕೊಳ್ಳುತ್ತೇವೆ.

ಕಷ್ಟದ ಕೋರಿಕೆ ಇನ್ನೊಂದು ಉಂಟು: "ಇವಳ ಅಪ್ಪ ಬಂದರೆ ಕೊಡಬೇಡಿ." ಹೇಳುವವರ ದನಿ ನಡುಗುತ್ತಿರುತ್ತದೆ. ಆದರೂ ಹೆತ್ತವರಲ್ಲಿ ಒಬ್ಬರ ಬಾಯಿಮಾತಿನ ಮೇಲೆ ಇನ್ನೊಬ್ಬರಿಗೆ ಮಗುವನ್ನು ನಿರಾಕರಿಸುವ ಅಧಿಕಾರ ನಮಗಿಲ್ಲ, ನ್ಯಾಯಾಲಯದ ಆದೇಶದ ಪ್ರತಿ ಬೇಕು. ಅದನ್ನು ಅಂದೇ, ಸ್ಪಷ್ಟವಾಗಿ, ಕುಳ್ಳಿರಿಸಿ ಹೇಳುತ್ತೇವೆ. ಆದೇಶ ಬರುವ ತನಕ ನಾವು ಮಾಡಬಹುದಾದದ್ದು ಇಷ್ಟು: ಆ ಅಪ್ಪ ಬಂದರೆ ತಕ್ಷಣ ತಾಯಿಗೆ ಫೋನ್, ಮಗು ಒಳಗಿನ ಕೋಣೆಯಲ್ಲಿ, ಗಲಾಟೆಯಾದರೆ ಪೊಲೀಸರ 112. ಮಗುವಿನ ಮೈಮೇಲೆ ಪೆಟ್ಟಿನ ಗುರುತು ಕಂಡರೆ ಮಕ್ಕಳ ಸಹಾಯವಾಣಿ 1098. ಈ ಚೀಟಿ ಗೋಡೆಗೆ ಹೋಗುವುದಿಲ್ಲ, ಬೀಗ ಇರುವ ಡ್ರಾವರಿಗೆ.

ಪ್ರತಿ ಚೀಟಿಗೂ ಕೊನೆಯ ತಾರೀಕು ಇರುವುದು ಸುಮ್ಮನೆ ಅಲ್ಲ. ಮೂರು ತಿಂಗಳಿಗೊಮ್ಮೆ ತೂಕ ನೋಡುತ್ತೇವೆ, ತೂಕ ಏರಿದರೆ ಮದ್ದಿನ ಅಳತೆ ಹಳತಾಯಿತು. ಡಾಕ್ಟರ್ ಮೊಟ್ಟೆ ಕೊಡಬಹುದು ಎಂದು ಒಪ್ಪಿ ಎರಡು ತಿಂಗಳಾದರೂ "ಮೊಟ್ಟೆ ಬೇಡ" ಎಂಬ ಕಾರ್ಡು ಗೋಡೆಯಲ್ಲೇ ಇರುತ್ತದೆ, ತೆಗೆಯಲು ಯಾರಿಗೂ ಧೈರ್ಯ ಇರುವುದಿಲ್ಲ. ತಾರೀಕು ಮುಗಿದದ್ದನ್ನು ಹೆತ್ತವರ ಎದುರೇ ಹರಿದು, ಬೇಕಿದ್ದರೆ ಹೊಸದು ಬರೆಯುತ್ತೇವೆ.

ಹೊಸ ಕಾರ್ಡು ಸರಿ ಉಂಟೋ ಎಂದು ನೋಡಲು ಒಂದೇ ಪರೀಕ್ಷೆ. ಬದಲಿ ಕೆಲಸಕ್ಕೆ ಬಂದ ಅಕ್ಕನ ಕೈಗೆ ಅದನ್ನು ಕೊಟ್ಟು, ನಾವು ಬಾಯಿ ಬಿಡದೆ, ಹೇಗೆ ಮಾಡುತ್ತೀರಿ ತೋರಿಸಿ ಎನ್ನುತ್ತೇವೆ. ಖಾಲಿ ಬಾಟಲಿ, ಖಾಲಿ ಸಿರಿಂಜು ಹಿಡಿದು ಅವರು ಓದುತ್ತಾ ಹೋಗುತ್ತಾರೆ. ಯಾವ ಸಾಲಿನಲ್ಲಿ ನಿಂತು "ಇದು ಊಟಕ್ಕೆ ಮೊದಲೋ, ಮೇಲೋ ಟೀಚರ್?" ಎಂದು ಕೇಳುತ್ತಾರೋ, ಆ ಸಾಲನ್ನು ಅಲ್ಲೇ ತಿದ್ದಿ ಬರೆಯುತ್ತೇವೆ.